ಮಕ್ಕಳ ಕೈಯ ಮೊಬೈಲು, ತಂದೆತಾಯಿಯರ ವ್ರತ

ಜೈನ ಮನೆತನದ ಯಾವ ಮಗುವೂ ರಾತ್ರಿಭೋಜನ ತ್ಯಾಗವನ್ನು ಉಪನ್ಯಾಸ ಕೇಳಿ ಕಲಿತುದಿಲ್ಲ. ಸೂರ್ಯಾಸ್ತಕ್ಕೆ ಮುನ್ನವೇ ಒಲೆ ಆರುತ್ತಿತ್ತು. ಅಜ್ಜಿ ಪಾತ್ರೆಗಳನ್ನು ತೊಳೆದು ಮಗುಚಿಡುತ್ತಿದ್ದಳು. ಅಂಗಡಿಯಿಂದ ತಡವಾಗಿ ಬಂದ ಯಜಮಾನನೂ ಹಸಿದೇ ಮಲಗುತ್ತಿದ್ದ. ಮಗು ಇದೆಲ್ಲವನ್ನೂ ದಿನನಿತ್ಯ ಕಂಡಿತು. ಕಾರಣವನ್ನು ಕೇಳುವ ವಯಸ್ಸು ಬರುವ ಹೊತ್ತಿಗೆ ಆಚಾರವು ಮೈಗೂಡಿಬಿಟ್ಟಿತ್ತು. ನೀರನ್ನು ಬಟ್ಟೆಯಲ್ಲಿ ಸೋಸುವುದನ್ನೂ ಕಂದಮೂಲಗಳನ್ನು ವರ್ಜಿಸುವುದನ್ನೂ ಅದು ಹೀಗೆಯೇ ಕಲಿತದ್ದು. ಹಿರಿಯರು ರಾತ್ರಿ ಉಣ್ಣಬಹುದು, ಮಕ್ಕಳು ಮಾತ್ರ ಉಣ್ಣಬಾರದು ಎಂಬ ಕಟ್ಟಳೆ ಯಾವ ಶ್ರಾವಕನ ಮನೆಯಲ್ಲಿಯೂ ಇರಲಿಲ್ಲ. ಇದ್ದಿದ್ದರೆ ಆ ಆಚಾರವು ಒಂದು ತಲೆಮಾರಿನಷ್ಟು ಕಾಲವೂ ಬಾಳುತ್ತಿರಲಿಲ್ಲ.

ಇಂದು ಅವೇ ಮನೆಗಳಲ್ಲಿ ಮೊಬೈಲಿನ ವಿಷಯವಾಗಿ ಜಾರಿಯಲ್ಲಿರುವುದು ಅಂತಹ ಕಟ್ಟಳೆಯೇ. ತಂದೆಯು ಊಟದ ಮಣೆಯ ಮೇಲೆ ಕುಳಿತು ಎಡಗೈಯಲ್ಲಿ ಸ್ಮಾರ್ಟ್‌ಫೋನು ಹಿಡಿದು ಬಲಗೈಯಲ್ಲಿ ತುತ್ತು ಕಲಸುತ್ತಾನೆ. ಅದರಿಂದ ತಲೆಯೆತ್ತದೆಯೇ ಮಗನಿಗೆ "ಮೊಬೈಲು ಇಡು, ಓದು" ಎಂದು ಗದರುತ್ತಾನೆ. ಮಗನು ಓದುವುದಿಲ್ಲ, ತಂದೆಗೆ ಕೋಪ ಬರುತ್ತದೆ. ವರ್ಷಾಯೋಗದ ದಿನಗಳಲ್ಲಿ ಮುನಿಗಳ ದರ್ಶನಕ್ಕೆ ಬರುವ ತಂದೆತಾಯಿಯರು ಅತಿ ಸಾಮಾನ್ಯವಾಗಿ ಬೇಡುವುದು ಒಂದನ್ನು: ಈ ಹುಡುಗನಿಗೆ ಮೊಬೈಲು ಬಿಡುವ ನಿಯಮ ಕೊಡಬೇಕು ಎಂದು. ಬೇಡುತ್ತಿರುವಾಗಲೇ ಬೇಡುವವರ ಜೇಬಿನಲ್ಲಿ ಅದೇ ವಸ್ತು ಕಂಪಿಸುತ್ತಿರುತ್ತದೆ. ತಾನು ತೊಡದ ನಿಯಮವನ್ನು ಮಗನಿಗೆ ತೊಡಿಸಲು ಹೊರಟ ತಂದೆಯು ಮಗನಿಗೆ ಸಂಯಮವನ್ನು ಕಲಿಸುವುದಿಲ್ಲ. ಸಂಯಮವೆಂಬುದು ದುರ್ಬಲರ ಮೇಲೆ ಬಲವುಳ್ಳವರು ಹೇರುವ ನಿರ್ಬಂಧವೆಂಬ ಪಾಠವನ್ನು ಕಲಿಸುತ್ತಾನೆ.

ಕರ್ಮಾಸ್ರವದ ವಿಷಯದಲ್ಲಿ ಜೈನಶಾಸ್ತ್ರವು ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದಾರಿಗಳನ್ನು ಹೇಳುತ್ತದೆ. ಮೊಬೈಲಿನ ವಿಷಯದಲ್ಲಿ ಹೆತ್ತವರು ಈ ಮೂರನ್ನೂ ತುಳಿದಿದ್ದಾರೆ. ತಾವೇ ಗಂಟೆಗಟ್ಟಲೆ ನೋಡುವುದು ಕೃತ. ಅಳುವ ಕೂಸು ಸುಮ್ಮನಾಗಲೆಂದು, ಎರಡು ತುತ್ತು ನುಂಗಲೆಂದು, ಅದರ ಕೈಗೆ ಫೋನು ಕೊಡುವುದು ಕಾರಿತ. ಎರಡು ವರ್ಷದ ಮಗು ತಾನೇ ಹಾಡು ಹುಡುಕಿ ಹಾಕಿಕೊಳ್ಳುತ್ತದೆ ಎಂದು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುವುದು ಅನುಮೋದನೆ. ಈ ಮೂರನ್ನೂ ಮಾಡಿದ ಬಳಿಕ ದೋಷವನ್ನು ಕಾಲದ ಮೇಲೋ ಮಗುವಿನ ಮೇಲೋ ಹೊರಿಸುವುದು ನ್ಯಾಯವಲ್ಲ.

ಹಸುಳೆಯ ಮೇಲೆ ಇದರ ಪರಿಣಾಮವೇನೆಂಬುದನ್ನು ತಿಳಿಯಲು ಶಾಸ್ತ್ರವೊಂದನ್ನೇ ನೆಚ್ಚಬೇಕಾಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ ಅವರು 1970ರ ದಶಕದಲ್ಲಿ ಒಂದು ಪ್ರಯೋಗ ನಡೆಸಿದರು. ಮಗುವಿನೊಡನೆ ನಕ್ಕು ಮಾತನಾಡುತ್ತಿದ್ದ ತಾಯಿಯು ಕೆಲವು ನಿಮಿಷಗಳ ಕಾಲ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನೆ ಕುಳಿತಳು. ಮಗು ನಗಿಸಲು ಯತ್ನಿಸಿತು, ಕೈ ಚಾಚಿತು, ಬಳಿಕ ಮುಖ ತಿರುಗಿಸಿತು, ಕೊನೆಗೆ ಕಳವಳಗೊಂಡು ಅತ್ತಿತು. ತಾಯಿ ಎದುರಿಗೇ ಇದ್ದಳು. ಆದರೆ ಮಗುವಿನ ಪಾಲಿಗೆ ಇರಲಿಲ್ಲ. ಪರದೆಯ ಮೇಲೆ ಕಣ್ಣು ನೆಟ್ಟ ತಂದೆತಾಯಿಯರ ಮುಖ ಮಗುವಿಗೆ ಹೇಗೆ ಕಾಣುತ್ತದೆಂಬುದನ್ನು ಇದರಿಂದ ಊಹಿಸಬಹುದು. 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರಾ ಅವರು, ಹಿರಿಯರು ಗೊಂಬೆಯೊಂದನ್ನು ಹೊಡೆಯುವುದನ್ನು ಕಂಡ ಮಕ್ಕಳು ಅದೇ ಬಗೆಯಲ್ಲಿ ಹೊಡೆಯತೊಡಗುವುದನ್ನು ತೋರಿಸಿದ್ದರು. ಆ ಮಕ್ಕಳಿಗೆ ಹೊಡೆಯಿರಿ ಎಂದು ಯಾರೂ ಹೇಳಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಂದು ವರ್ಷದೊಳಗಿನ ಕೂಸಿಗೆ ಪರದೆ ಸಲ್ಲದೆಂದೂ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದೆಂದೂ ಸೂಚಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲು, ಅಂತರ್ಜಾಲಗಳ ಅತಿಬಳಕೆಗೆ ಸಿಲುಕಿದವರಿಗಾಗಿಯೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾ ವಿಭಾಗ ತೆರೆಯಬೇಕಾಯಿತು. ರೋಗವು ಆಸ್ಪತ್ರೆಯನ್ನು ತಲುಪಿದ ಬಳಿಕವೂ ಅದನ್ನು ಕಾಲಧರ್ಮವೆಂದು ಕರೆಯುತ್ತ ಕುಳಿತಿರುವುದು ಪ್ರಮಾದ.

ಮೊಬೈಲು ಒಂದು ಉಪಕರಣ ಮಾತ್ರ, ದೋಷವೇನಿದ್ದರೂ ಬಳಸುವವನದು ಎಂಬ ಸಮಾಧಾನ ಆಗಾಗ ಕೇಳಿಬರುತ್ತದೆ. ಉಪಕರಣಗಳ ಮೇಲಿನ ದ್ವೇಷ ಜೈನ ಪರಂಪರೆಯದಲ್ಲವೆಂಬುದು ನಿಜ. ಓಲೆಗರಿಯ ಮೇಲೆ ಅಕ್ಷರ ಕೊರೆಯುವ ಕಂಟವೂ ಒಂದು ಉಪಕರಣವೇ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮೂಡುಬಿದಿರೆಯು ಧವಲಾದಿ ಸಿದ್ಧಾಂತ ಗ್ರಂಥಗಳ ತಾಡಪತ್ರಗಳನ್ನು ಶತಮಾನಗಳ ಕಾಲ ಕಾಪಾಡಿತು. ಆದರೆ ಬರೆಹ ಮುಗಿದ ಮೇಲೆ ಕಂಟವು ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ನಡುರಾತ್ರಿಯಲ್ಲಿ ಅದು ಲಿಪಿಕಾರನನ್ನು ಎಬ್ಬಿಸಿ ಕರೆಯಲಿಲ್ಲ. ಸ್ಮಾರ್ಟ್‌ಫೋನಿನ ಒಳಗಿರುವ ಅನೇಕ ತಂತ್ರಗಳು ಕರೆಯುವುದಕ್ಕಾಗಿಯೇ ಇವೆ. ಕೆಳಕ್ಕೆ ಸರಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಮುಂದೆ ಅದರ ಪರಿಣಾಮಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟರು. ಒಂದು ಚಿತ್ರ ಮುಗಿಯುವುದರೊಳಗೆ ಇನ್ನೊಂದು ತಾನಾಗಿ ಆರಂಭವಾಗುತ್ತದೆ. ಓದದೆ ಉಳಿದ ಸಂದೇಶಗಳ ಎಣಿಕೆ ಕೆಂಪು ಅಂಕೆಯಾಗಿ ಕಣ್ಣು ಚುಚ್ಚುತ್ತದೆ. ನೋಡುವವನು ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತು, ಹೆಚ್ಚು ಜಾಹೀರಾತಿಗೆ ಹೆಚ್ಚು ವರಮಾನ ಎಂಬುದೇ ಆ ವ್ಯಾಪಾರದ ಲೆಕ್ಕ. ಇಂತಹ ವಸ್ತುವನ್ನು ಕಂಟದೊಡನೆಯೂ ಕತ್ತರಿಯೊಡನೆಯೂ ಒಂದೇ ಸಾಲಿನಲ್ಲಿ ಇಡಲಾಗದು.

ಶ್ರಾವಕಾಚಾರವು ಈ ಅನರ್ಥಕ್ಕೆ ಬಹು ಹಿಂದೆಯೇ ಹೆಸರಿಟ್ಟಿದೆ. ಪ್ರಯೋಜನವಿಲ್ಲದ ಪಾಪಪ್ರವೃತ್ತಿಯಿಂದ ದೂರವಿರುವುದೇ ಅನರ್ಥದಂಡ ವಿರತಿ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದಾಗಿ ವಿಂಗಡಿಸಿದ್ದಾರೆ. ರಾಗದ್ವೇಷಗಳನ್ನು ಕೆರಳಿಸಿ ಮನಸ್ಸನ್ನು ಕಲುಷಿತಗೊಳಿಸುವುದನ್ನು ಕೇಳುವುದು ದುಃಶ್ರುತಿ. ದ್ವೇಷದಿಂದ ಪರರ ಕೇಡನ್ನು ಚಿಂತಿಸುವುದು ಅಪಧ್ಯಾನ. ಪ್ರಯೋಜನವಿಲ್ಲದೆ ಅಲೆಯುವುದೂ ಪರರನ್ನು ಅಲೆಯಿಸುವುದೂ ಪ್ರಮಾದಚರ್ಯೆಯಲ್ಲಿ ಸೇರಿದೆ. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಹಾಸಿಗೆಯಲ್ಲಿ ಮಲಗಿ ಬೆರಳಿನಿಂದ ಪುಟ ಸರಿಸುತ್ತ ಹೋಗುವುದು ಅಲೆದಾಟವಲ್ಲದೆ ಮತ್ತೇನು? ಅಲ್ಲಿ ಕಂಡುದನ್ನು ಇಪ್ಪತ್ತು ಮಂದಿಗೆ ರವಾನಿಸುವುದು ಅಲೆಯಿಸುವುದಲ್ಲದೆ ಮತ್ತೇನು? ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳಲ್ಲಿ ಮೌಖರ್ಯವನ್ನೂ, ವಿಚಾರಿಸದೆ ಕಾರ್ಯಕ್ಕೆ ತೊಡಗುವುದನ್ನೂ, ಅಗತ್ಯ ಮೀರಿದ ಉಪಭೋಗ ಸಾಮಗ್ರಿಯನ್ನು ಕೂಡಿಸುವುದನ್ನೂ ಎಣಿಸುತ್ತದೆ. ಕರೆ ಮಾಡಲು, ಲೆಕ್ಕ ನೋಡಲು ಮಾತ್ರ ಬೇಕಾದವನು ಅರ್ಧ ಲಕ್ಷ ರೂಪಾಯಿಯ ಫೋನು ಕೊಂಡು ತರುವುದಕ್ಕೆ ಈ ಕೊನೆಯ ಅತಿಚಾರಕ್ಕಿಂತ ತಕ್ಕ ನಿದರ್ಶನ ಸಿಗಲಾರದು.

ದೇಶವ್ರತದ ಅತಿಚಾರಗಳು ಇನ್ನೂ ಗಮನಾರ್ಹವಾದವು. ಇಷ್ಟು ಹೊತ್ತು ಈ ಎಲ್ಲೆಯನ್ನು ದಾಟುವುದಿಲ್ಲವೆಂದು ಸಂಕಲ್ಪಿಸಿದವನು ತಾನು ಕುಳಿತಲ್ಲಿಯೇ ಕುಳಿತು, ಎಲ್ಲೆಯಾಚೆಯಿಂದ ವಸ್ತು ತರಿಸಿದರೆ, ಅಲ್ಲಿಗೆ ಆಳನ್ನು ಕಳಿಸಿದರೆ, ಧ್ವನಿಯಿಂದ ಅಲ್ಲಿಯವರನ್ನು ಎಚ್ಚರಿಸಿದರೆ, ತನ್ನ ರೂಪವನ್ನು ತೋರಿದರೆ, ಕಲ್ಲು ಮಣ್ಣು ಎಸೆದು ಸನ್ನೆ ಮಾಡಿದರೆ ವ್ರತಕ್ಕೆ ದೋಷ ತಟ್ಟುತ್ತದೆಂದು ಸೂತ್ರಕಾರರು ಎಣಿಸಿದರು. ದೇಹವು ಎಲ್ಲೆಯೊಳಗಿದ್ದ ಮಾತ್ರಕ್ಕೆ ಮನುಷ್ಯನು ಎಲ್ಲೆಯೊಳಗಿದ್ದಾನೆಂದು ಅವರು ಒಪ್ಪಲಿಲ್ಲ. ಇಂದು ಬಸದಿಯಲ್ಲಿ ಸಾಮಾಯಿಕಕ್ಕೆ ಕುಳಿತವನು ಪಕ್ಕದಲ್ಲಿಟ್ಟ ಒಂದು ಗಾಜಿನ ಹಲಗೆಯ ಮೂಲಕ ಧ್ವನಿಯನ್ನೂ ರೂಪವನ್ನೂ ಎಲ್ಲಿಗೆ ಬೇಕಾದರೂ ಕಳಿಸಬಲ್ಲ, ಏನನ್ನು ಬೇಕಾದರೂ ಮನೆ ಬಾಗಿಲಿಗೆ ತರಿಸಬಲ್ಲ. ಅದು ಪಕ್ಕದಲ್ಲಿದ್ದಷ್ಟು ಹೊತ್ತು ಅವನು ಎಲ್ಲಿಯೂ ಕುಳಿತಂತಾಗುವುದಿಲ್ಲ.

ಆದುದರಿಂದ ಹೆತ್ತವರು ಮಾಡಬೇಕಾದುದು ಮಕ್ಕಳ ಮೊಬೈಲನ್ನು ಕಸಿಯುವುದಕ್ಕಿಂತ ಮೊದಲು ತಮ್ಮದನ್ನು ಸರಳಗೊಳಿಸುವುದು. ಬಟ್ಟೆ ವ್ಯಾಪಾರದ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಅಂಗಡಿಗೆ ಬೇಕಾದ ಸ್ಮಾರ್ಟ್‌ಫೋನನ್ನು ಅವನು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿಯೇ ಇಟ್ಟು ಬೀಗ ಹಾಕುತ್ತಾನೆ. ಮನೆಗೆ ಒಯ್ಯುವುದು ಒಂದು ಕೀಪ್ಯಾಡ್ ಫೋನು. ಅದರಲ್ಲಿ ಕರೆ ಬರುತ್ತದೆ, ಕರೆ ಹೋಗುತ್ತದೆ, ಬ್ಯಾಂಕಿನ ಸಂದೇಶ ಬರುತ್ತದೆ, ಅಷ್ಟೆ. ಮೊದಲ ವಾರ ಅವನ ಕೈ ಬರಿದಾದ ಜೇಬನ್ನು ತಡವುತ್ತಲೇ ಇರುತ್ತದೆ. ತನಗೆ ಇಷ್ಟು ಆಳವಾದ ಅಂಟು ಇತ್ತೆಂಬುದು ಅವನಿಗೆ ತಿಳಿಯುವುದು ಆಗಲೇ. ನೆಂಟರು ನಗುತ್ತಾರೆ, ಕೈಬಿಗಿಯೆಂದು ಆಡಿಕೊಳ್ಳುತ್ತಾರೆ. ಮಗಳು ಮಾತ್ರ ಕೇಳುತ್ತಾಳೆ: "ಅಪ್ಪ, ಮೊಬೈಲು ನೋಡುವುದು ಪಾಪವೇ?"

ಇದಕ್ಕೆ ಹೌದೆಂದರೆ ಸುಳ್ಳಾಗುತ್ತದೆ, ಅಲ್ಲವೆಂದರೆ ಬಿಟ್ಟದ್ದೇಕೆಂಬ ಪ್ರಶ್ನೆ ಏಳುತ್ತದೆ. ಉತ್ತರವು ಸಮಂತಭದ್ರರಲ್ಲಿಯೇ ಇದೆ. ಅನಿಷ್ಟವಾದುದನ್ನೂ ಸೇವಿಸಲು ಯೋಗ್ಯವಲ್ಲದುದನ್ನೂ ಬಿಡಲೇಬೇಕೆಂದು ಹೇಳಿದ ಅವರು, ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ನಿವೃತ್ತನಾಗುವುದನ್ನು ವ್ರತವೆಂದು ಕರೆದರು. ಕೆಟ್ಟದ್ದನ್ನು ಬಿಡುವುದು ಮನುಷ್ಯನ ಸಾಮಾನ್ಯ ಕರ್ತವ್ಯ. ಸಲ್ಲುವುದನ್ನೂ ತಾನಾಗಿ ಅಳತೆಗೆ ತರುವುದು ವ್ರತಿಯ ಲಕ್ಷಣ. ಇದನ್ನೇ ಅವರು ಭೋಗೋಪಭೋಗ ಪರಿಮಾಣದಲ್ಲಿ, ಕಾಲಮಿತಿಯುಳ್ಳದ್ದು ನಿಯಮ, ಜೀವಮಾನವಿಡೀ ಪಾಲಿಸುವುದು ಯಮ ಎಂದು ಎರಡು ಬಗೆಯಾಗಿ ವಿವರಿಸಿದರು. ಆ ತಂದೆಯು ಮಗಳಿಗೆ ಕೊಡಬೇಕಾದ ಉತ್ತರ ಇದೇ: ಇದು ಪಾಪವೆಂದು ಬಿಟ್ಟುದಲ್ಲ, ಇದರ ಮೇಲೆ ತನ್ನ ಅಧಿಕಾರವಿರಲಿ, ತನ್ನ ಮೇಲೆ ಇದರ ಅಧಿಕಾರ ಬೇಡವೆಂದು ಬಿಟ್ಟದ್ದು. ಈ ಮಾತನ್ನು ಮಗಳು ನಂಬುವುದು, ಮಾತಿಗೆ ಮೊದಲೇ ಬರಿದಾದ ಜೇಬನ್ನು ಅವಳು ಕಂಡಿರುವುದರಿಂದ.

ಆಕ್ಷೇಪಗಳು ಬಾರದಿರವು. ಸ್ವಾಧ್ಯಾಯದಲ್ಲಿ ನುರಿತ ಕೆಲವರು ನಿಶ್ಚಯನಯವನ್ನು ಮುಂದಿಡುತ್ತಾರೆ: ಪರದ್ರವ್ಯವು ಆತ್ಮನಿಗೆ ಏನನ್ನೂ ಮಾಡಲಾರದು, ಪರಿಗ್ರಹವಿರುವುದು ಮೂರ್ಛೆಯಲ್ಲಿ, ವಸ್ತುವಿನಲ್ಲಲ್ಲ, ಆದುದರಿಂದ ಫೋನು ಬದಲಿಸುವುದು ಬಾಹ್ಯಾಚಾರ ಮಾತ್ರ ಎಂದು. ಬಂಧವು ವಸ್ತುವಿನಿಂದಲ್ಲ, ಅಧ್ಯವಸಾನದಿಂದ ಎಂದು ಸಮಯಸಾರದಲ್ಲಿ ಕುಂದಕುಂದರು ಹೇಳಿರುವುದು ಸತ್ಯ. ಆದರೆ ಅದೇ ಗಾಥೆಯಲ್ಲಿ ಅವರು ಅಧ್ಯವಸಾನವು ವಸ್ತುವನ್ನು ಅವಲಂಬಿಸಿ ಹುಟ್ಟುತ್ತದೆಂದೂ ಹೇಳಿದ್ದಾರೆ. ಟೀಕಾಕಾರರಾದ ಅಮೃತಚಂದ್ರರು, ಬಾಹ್ಯವಸ್ತುವಿನ ನಿಷೇಧವು ಅಧ್ಯವಸಾನದ ನಿಷೇಧಕ್ಕಾಗಿಯೇ ಎಂದು ಸ್ಪಷ್ಟಪಡಿಸಿದ್ದಾರೆ. ಗಾಥೆಯ ಅರ್ಧವನ್ನು ಓದಿ ಅರ್ಧವನ್ನು ಬಿಡುವುದು ಸ್ವಾಧ್ಯಾಯವಲ್ಲ. ಮಧುತ್ಯಾಗ ಮಾಡಿದವನು ಜೇನಿನ ಭರಣಿಯನ್ನು ತಲೆದಿಂಬಿನ ಬಳಿ ಇಟ್ಟುಕೊಂಡು ನಿರ್ಮೂರ್ಛನಾಗಿರುವೆನೆಂದರೆ ಯಾರೂ ಮೆಚ್ಚುವುದಿಲ್ಲ.

ವ್ಯಾಪಾರಸ್ಥರ ಆಕ್ಷೇಪ ಬೇರೆ: ಹಣ ಕೊಡುವುದೂ ಪಡೆಯುವುದೂ ಮೊಬೈಲಿನಲ್ಲಿಯೇ ನಡೆಯುತ್ತಿರುವಾಗ ಇದು ಸಾಧ್ಯವೇ? ಅಂಗಡಿಯ ಕ್ಯೂಆರ್ ಫಲಕವೂ ಹಣ ಬಂದುದನ್ನು ಹೇಳುವ ಧ್ವನಿಪೆಟ್ಟಿಗೆಯೂ ಯಜಮಾನನ ಜೇಬಿನಲ್ಲಿ ಇರಬೇಕಾಗಿಲ್ಲ. ಕೀಪ್ಯಾಡ್ ಫೋನಿನಿಂದಲೇ ಹಣ ಪಾವತಿಸುವ ಯುಪಿಐ 123ಪೇ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲಿಯೇ ಆರಂಭಿಸಿದೆ. ಸರಳ ಫೋನು ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಕೆಲವು ಕೀಪ್ಯಾಡ್ ಫೋನುಗಳಲ್ಲಿಯೂ ಯೂಟ್ಯೂಬು ಸೇರಿರುತ್ತದೆ. ದಿನವಿಡೀ ಸ್ಮಾರ್ಟ್‌ಫೋನಿನಿಂದಲೇ ಜೀವನೋಪಾಯ ನಡೆಸುವ ಚಾಲಕರೂ, ಮನೆಮನೆಗೆ ಸಾಮಾನು ಮುಟ್ಟಿಸುವವರೂ ಇದ್ದಾರೆ. ದೂರದೇಶದಲ್ಲಿರುವ ಮೊಮ್ಮಕ್ಕಳ ಮುಖವನ್ನು ವಾರಕ್ಕೊಮ್ಮೆ ಅದರಲ್ಲಿಯೇ ಕಾಣುವ ಅಜ್ಜಿಯರೂ ಇದ್ದಾರೆ. ಪ್ರಯೋಜನವುಳ್ಳ ಬಳಕೆಯನ್ನು ಅನರ್ಥವೆಂದು ಯಾವ ಆಚಾರ್ಯರೂ ಹೇಳಿಲ್ಲ. ಅಂಥವರಿಗೂ ಕೆಲಸ ಮುಗಿದ ಮೇಲೆ ಅದನ್ನು ಒಂದು ಗೂಡಿನಲ್ಲಿಟ್ಟು ಬಾಗಿಲು ಮುಚ್ಚುವುದು ಸಾಧ್ಯ.

ಧರ್ಮಶ್ರವಣಕ್ಕೂ ಮೊಬೈಲೇ ಸಾಧನವಾಗಿದೆ, ಪ್ರವಚನಗಳೂ ಪೂಜೆಯ ನೇರಪ್ರಸಾರವೂ ಅದರಲ್ಲಿಯೇ ದೊರೆಯುತ್ತವೆ ಎಂಬುದು ಮೂರನೆಯ ಆಕ್ಷೇಪ. ಹಾಸಿಗೆ ಹಿಡಿದವರಿಗೂ ಬಸದಿಯಿಲ್ಲದ ಊರಿನವರಿಗೂ ಅದು ಉಪಕಾರವೇ. ಆದರೆ ಪ್ರವಚನ ಮುಗಿದ ಮರುಕ್ಷಣ ಅದೇ ಪರದೆಯು ಮುಂದೇನನ್ನು ತೋರಿಸುತ್ತದೆಂಬುದನ್ನು ಕೇಳುಗನು ನಿರ್ಧರಿಸುವುದಿಲ್ಲ. ಮನೆಯ ಕಪಾಟಿನಲ್ಲಿ ಗ್ರಂಥವಿದೆ. ಅದರ ಪುಟ ಮುಗಿದಾಗ ಮುಗಿಯುತ್ತದೆ.

ಮಕ್ಕಳು ಹಿಂದುಳಿದಾರೆಂಬ ಭಯವೂ ಇದೆ. ಕಂಪ್ಯೂಟರನ್ನು ಕಲಿಯುವುದು ಬೇರೆ, ಪರದೆಗೆ ಒಗ್ಗಿಕೊಳ್ಳುವುದು ಬೇರೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಗೊತ್ತಾದ ಹೊತ್ತಿನಲ್ಲಿ ಗೊತ್ತಾದ ವಿದ್ಯೆ ಕಲಿಯುವ ಮಗು ಯಾರಿಗೂ ಹಿಂದುಳಿಯದು. 2024ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ದೇಶವು 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಶಾಸನ ಮಾಡಿತು. 2025ರ ಡಿಸೆಂಬರ್ 10ರಿಂದ ಅದು ಜಾರಿಗೆ ಬಂದಿದೆ. ಆ ದೇಶವನ್ನು ಹಿಂದುಳಿದುದೆಂದು ಯಾರೂ ಹೇಳುವುದಿಲ್ಲ. ಆದರೆ ಶಾಸನವು ಹೆತ್ತವರ ನಡತೆಯ ಕೆಲಸವನ್ನು ಮಾಡಲಾರದು. ಸರಕಾರವು ಬಾಗಿಲು ಮುಚ್ಚಬಹುದು, ಸಂಯಮದ ರುಚಿಯನ್ನು ಹುಟ್ಟಿಸಲಾರದು.

ಇಲ್ಲಿ ಒಂದು ಅನ್ಯಾಯದ ಬಗೆಗೂ ಎಚ್ಚರ ವಹಿಸಬೇಕು. ಕೂಸಿಗೆ ಮೊಬೈಲು ತೋರಿಸಿ ಉಣ್ಣಿಸುವ ತಾಯಿಯನ್ನು ಎಲ್ಲರೂ ಬೈಯುತ್ತಾರೆ. ಅಡುಗೆ, ನೀರು, ಮುದುಕರ ಆರೈಕೆಗಳ ನಡುವೆ ಅವಳೊಬ್ಬಳೇ ಆ ಕೂಸನ್ನೂ ನೋಡಿಕೊಳ್ಳುತ್ತಿರುವುದನ್ನು ಬೈಯುವವರು ಕಾಣುವುದಿಲ್ಲ. ಗಂಡನು ಜಗಲಿಯಲ್ಲಿ ಕುಳಿತು ವಾಟ್ಸಾಪ್ ಓದುವ ಅರ್ಧ ಗಂಟೆಯನ್ನು ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗಾಡಲು ಕೊಟ್ಟರೆ ತಾಯಿಗೆ ಮೊಬೈಲಿನ ಆಸರೆ ಬೇಕಾಗದು. ಮನೆಯ ವ್ರತವನ್ನು ಮನೆಯ ಹೆಂಗಸರ ಹೆಗಲಿಗೆ ಹೊರಿಸಿ ಗಂಡಸರು ಪುಣ್ಯ ಕಟ್ಟಿಕೊಳ್ಳಲಾಗದು. ಸರಳ ಫೋನು ಹಿಡಿದವನು ಅದನ್ನು ಸಭೆಯಲ್ಲಿ ಎತ್ತಿ ತೋರಿಸುತ್ತ ಇತರರನ್ನು ಜರೆದರೂ ಲಾಭವಿಲ್ಲ. ಲೋಭವನ್ನು ಬಿಟ್ಟು ಮಾನಕಷಾಯವನ್ನು ಕೊಂಡಂತಾಗುತ್ತದೆ.

ಬಸದಿಗಳ ಆಡಳಿತ ಮಂಡಳಿಗಳ ಹೊಣೆ ಮನೆಗಳದಕ್ಕಿಂತ ಕಡಿಮೆಯದಲ್ಲ. ಭಾರತದಲ್ಲಿ ಮೊದಲ ಮೊಬೈಲು ಕರೆ ನಡೆದುದು 1995ರ ಜುಲೈನಲ್ಲಿ. 1993ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಬಂದ ಯಾತ್ರಿಕರ ಕೈಯಲ್ಲಿ ಅದು ಇರಲಿಲ್ಲ. ಮುಗಿಯಲು ಕೈಗಳು ಬಿಡುವಾಗಿದ್ದುವು. 2018ರ ಹೊತ್ತಿಗೆ ಎತ್ತಿದ ಕೈಗಳಲ್ಲಿ ಮೊಬೈಲುಗಳಿದ್ದುವು. ವರ್ಷವಿಡೀ ಕಾಯೋತ್ಸರ್ಗದಲ್ಲಿ ನಿಂತು, ಮೈಗೆ ಬಳ್ಳಿ ಹಬ್ಬಿದರೂ ಕದಲದ ಬಾಹುಬಲಿ ಸ್ವಾಮಿಯ ಮುಂದೆ ಒಂದು ಗಳಿಗೆಯೂ ಸ್ಥಿರವಾಗಿ ನಿಲ್ಲಲಾಗದ ಸ್ಥಿತಿ ಶ್ರಾವಕರಿಗೆ ಬಂದಿತು. ಬಸದಿಯ ಬಾಗಿಲಲ್ಲಿ ಮೊಬೈಲು ನಿಷೇಧದ ಫಲಕ ತೂಗುಹಾಕಿ, ಒಳಗೆ ಪದಾಧಿಕಾರಿಗಳೇ ಅಭಿಷೇಕದ ಚಿತ್ರ ತೆಗೆಯುತ್ತಿದ್ದರೆ, ಮನೆಯಲ್ಲಿ ತಂದೆ ಮಾಡುವ ತಪ್ಪನ್ನೇ ಸಮಾಜವೂ ಮಾಡಿದಂತಾಯಿತು.

ಆಡಳಿತ ಮಂಡಳಿಗಳು ಮಾಡಬಹುದಾದ ಕೆಲಸಗಳು ಕಷ್ಟದವಲ್ಲ. ಪಾದರಕ್ಷೆಗಳಿಗೆ ಸ್ಥಳವಿರುವಂತೆ ಮೊಬೈಲುಗಳಿಗೂ ಬಾಗಿಲ ಬಳಿ ಬೀಗವುಳ್ಳ ಗೂಡುಗಳನ್ನು ಮಾಡಿಸಿ, ಅಧ್ಯಕ್ಷರ ಫೋನು ಅದರಲ್ಲಿ ಮೊದಲು ಸೇರುವಂತೆ ನೋಡಿಕೊಳ್ಳಬೇಕು. ಪೂಜೆ, ಪ್ರವಚನ, ಆಹಾರದಾನಗಳ ತಿಳಿವಳಿಕೆಯನ್ನು ವಾಟ್ಸಾಪಿನಲ್ಲಿ ಮಾತ್ರ ಕಳಿಸಿ, ಸರಳ ಫೋನಿನವರನ್ನು ಸಂಘದಿಂದ ಹೊರಗಿಟ್ಟಂತೆ ಮಾಡದೆ, ಸೂಚನಾಫಲಕದ ಮೇಲೆಯೂ ಸಾಧಾರಣ ಸಂದೇಶದ ಮೂಲಕವೂ ತಿಳಿಸಬೇಕು. ಪಾಠಶಾಲೆಯ ಮಕ್ಕಳಿಗೆ ಮನೆಗೆಲಸವನ್ನು ಪುಸ್ತಕದಲ್ಲಿಯೇ ಬರೆಯಿಸಬೇಕು. ಧರ್ಮಪಾಠದ ನೆಪದಿಂದ ಮಗುವಿನ ಕೈಗೆ ಮೊಬೈಲು ಕೊಡಿಸುವುದು ಕಾರಿತದೋಷವೇ.

ಸಾಮೂಹಿಕ ಸಂಯಮ ಅಸಾಧ್ಯವೆನ್ನುವವರು ನೆರೆಯ ಊರುಗಳನ್ನು ನೋಡಬಹುದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಲ್ಲಿ ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗಿದೊಡನೆ ಒಂದೂವರೆ ಗಂಟೆ ಕಾಲ ಟಿವಿ, ಮೊಬೈಲುಗಳನ್ನು ಮುಚ್ಚಿಡುವ ಕಟ್ಟಳೆಯನ್ನು ಊರವರೇ ಮಾಡಿಕೊಂಡರು. 2024ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಬಳಿಯ ಹಲಗಾ ಗ್ರಾಮವೂ ಸಂಜೆಯ ಎರಡು ಗಂಟೆಗಳಿಗೆ ಅಂತಹುದೇ ನಿಯಮವನ್ನು ಕೈಗೊಂಡಿತು. ಅಲ್ಲಿ ಕಟ್ಟಳೆ ಇರುವುದು ಮಕ್ಕಳಿಗೆ ಮಾತ್ರವಲ್ಲ, ಇಡೀ ಊರಿಗೆ. ವ್ರತಗಳ ಹೆಸರನ್ನು ಬಾಲ್ಯದಿಂದಲೇ ಬಲ್ಲ ಸಮಾಜವು ಇಷ್ಟನ್ನೂ ಮಾಡಲಾರದೆಂದರೆ ಬಲ್ಲುದರ ಸಾರ್ಥಕ್ಯವೇನು?

ಭಾದ್ರಪದ ಶುಕ್ಲ ಪಂಚಮಿಯಿಂದ ದಶಲಕ್ಷಣ ಪರ್ವ ಆರಂಭವಾಗುತ್ತದೆ. ಆ ಹತ್ತು ದಿನಗಳ ಮಟ್ಟಿಗೆ ಪ್ರತಿಯೊಂದು ಮನೆಯ ತಂದೆತಾಯಿಯರೂ ಸ್ಮಾರ್ಟ್‌ಫೋನನ್ನು ಕಪಾಟಿನಲ್ಲಿಟ್ಟು ಸರಳ ಫೋನೊಂದನ್ನು ಬಳಸುವ ನಿಯಮವನ್ನು ಕೈಗೊಳ್ಳಲಿ. ಮಕ್ಕಳಿಗೆ ಏನನ್ನೂ ಹೇಳುವ ಅಗತ್ಯವಿಲ್ಲ; ಅವರು ನೋಡಲಿ. ಅನಂತ ಚತುರ್ದಶಿಯ ಸಂಜೆ, ಹತ್ತು ದಿನಗಳಲ್ಲಿ ನಿಜವಾಗಿ ನಿಂತುಹೋದ ಕೆಲಸ ಯಾವುದೆಂದು ಗೃಹಸ್ಥನು ತಾನೇ ಲೆಕ್ಕ ಹಾಕಲಿ. ಕ್ಷಮಾವಣಿಯ ದಿನ ಊರವರೆಲ್ಲರ ಕ್ಷಮೆ ಕೇಳುವವನು, ಎದುರಿಗಿದ್ದೂ ಮುಖ ಕೊಡದೆ ಕಳೆದ ದಿನಗಳಿಗಾಗಿ ತನ್ನ ಮಗುವಿನ ಕ್ಷಮೆಯನ್ನೂ ಕೇಳಲಿ. ಬಳಿಕ ಆ ನಿಯಮವನ್ನು ಮುಂದುವರಿಸಬೇಕೇ ಬೇಡವೇ ಎಂಬುದನ್ನು ತಂದೆಯೂ ಮಗುವೂ ಕೂಡಿಯೇ ನಿಶ್ಚಯಿಸಬಹುದು.